ಎಲ್ಲವೂ ತುರ್ತಾದರೆ ಬ್ಯಾಕಪ್ ನಿಲ್ಲುತ್ತದೆ

ಹತ್ತಾರು ಸರ್ವರ್‌ಗಳಿರುವ ಕಚೇರಿಯಲ್ಲಿ ರಾತ್ರಿ ಶುರುವಾದ ಬ್ಯಾಕಪ್ ಬೆಳಿಗ್ಗೆ ನೌಕರರು ಬರುವಷ್ಟರಲ್ಲಿ ಮುಗಿದಿರಬೇಕು. ಸಮಯ ಸಾಲದೆ ಹೋದಾಗ ಹೆಚ್ಚಿನವರು ಲೆಕ್ಕಪತ್ರದ ಸರ್ವರ್‌ಗೆ ಮೊದಲ ಆದ್ಯತೆ, ಇಮೇಲ್‌ಗೆ ಎರಡನೆಯದು, ಕಡತಗಳಿಗೆ ಮೂರನೆಯದು ಎಂದು ಅಂಕಿ ಹಚ್ಚುತ್ತಾರೆ. ನೋಡಲು ನ್ಯಾಯವಾಗಿಯೇ ಇದೆ. ಆದರೆ ರಾತ್ರಿಯ ಕೆಲಸವನ್ನು ಕೆಡಿಸುವುದು ಎಷ್ಟೋ ಸಲ ಈ ಅಂಕಿಗಳೇ. ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವಾಗಲೇಬಾರದು ಎನ್ನುವ ಕಡೆ ಮಾತ್ರ ಆದ್ಯತೆಯನ್ನು ಬಳಸಬೇಕು ಎಂಬುದು ನನ್ನ ವಾದ.

ಕರ್ನ್ ಸಿಬಾಲ್ಡ್ 2000ದಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಬ್ಯಾಕ್ಯುಲಾವನ್ನೇ ನೋಡಿ. ಅದರಲ್ಲಿ ಅಂಕಿ ಚಿಕ್ಕದಾದಷ್ಟೂ ಆದ್ಯತೆ ದೊಡ್ಡದು. ಏನೂ ಬರೆಯದಿದ್ದರೆ ಎಲ್ಲ ಕೆಲಸಕ್ಕೂ 10. ಒಮ್ಮೆಗೆ ಎಷ್ಟು ಕೆಲಸ ನಡೆಯಬಹುದೆಂಬ ಮಿತಿಯನ್ನು ಬೇರೆಯಾಗಿ ಕೊಡಬೇಕು. ಆ ಮಿತಿ 20 ಇದ್ದರೂ ಬೇರೆ ಬೇರೆ ಆದ್ಯತೆಯ ಕೆಲಸಗಳನ್ನು ಅದು ಸಾಮಾನ್ಯವಾಗಿ ಒಟ್ಟಿಗೆ ಓಡಿಸುವುದಿಲ್ಲ. 10ರ ಕೆಲಸವೊಂದು ನಡೆಯುತ್ತಿರುವಾಗ 5ರ ಕೆಲಸ ಬಂತು ಎನ್ನಿ. ಅದು ನಡೆಯುತ್ತಿರುವುದನ್ನು ನಿಲ್ಲಿಸುವುದಿಲ್ಲ, ಮುಗಿಯಲಿ ಎಂದು ಕಾಯುತ್ತದೆ. ಅದು ಕಾದಿರುವಷ್ಟು ಹೊತ್ತೂ 10ರ ಬೇರೆ ಯಾವ ಕೆಲಸವೂ ಹೊಸದಾಗಿ ಶುರುವಾಗುವಂತಿಲ್ಲ. ನಡೆಯುತ್ತಿರುವ ಆ ಒಂದು ಕೆಲಸ ಮೂರು ತಾಸು ಹಿಡಿದರೆ, ಮೂರು ತಾಸೂ 19 ಜಾಗ ಖಾಲಿ ಬಿದ್ದಿರುತ್ತವೆ. ತುರ್ತಿನದೂ ಬೇಗ ಆಗಲಿಲ್ಲ, ಉಳಿದವೂ ಮುಂದೆ ಸಾಗಲಿಲ್ಲ.

ಹಾಗಾದರೆ ಮುಖ್ಯವಾದದ್ದು ಮೊದಲು ಆಗುವುದು ಬೇಡವೇ? ಬೇಕು, ಅದಕ್ಕೆ ಗಡಿಯಾರ ಸಾಕು. ಮುಖ್ಯವಾದದ್ದನ್ನು ಹತ್ತು ಗಂಟೆಗೆ, ಉಳಿದದ್ದನ್ನು ಹನ್ನೊಂದಕ್ಕೆ ಶುರು ಮಾಡಿ ಎಲ್ಲಕ್ಕೂ ಒಂದೇ ಅಂಕಿ ಇಟ್ಟರೆ, ಯಾರ ದಾರಿಗೂ ಯಾರೂ ಅಡ್ಡ ಬರುವುದಿಲ್ಲ. ಬೇರೆ ಬೇರೆ ಆದ್ಯತೆಗಳನ್ನು ಬೆರೆಸಿ ಓಡಿಸುವ ಸೌಲಭ್ಯವೂ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದನ್ನು ಎಲ್ಲೆಡೆ ಹಾಕಿದರೆ ಅಂಕಿ ಕೊಟ್ಟ ಉದ್ದೇಶವೇ ಸಡಿಲವಾಗುತ್ತದೆ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ದತ್ತಾಂಶ ತಡೆತಡೆದು ಬಂದರೆ ಟೇಪ್ ನಿಂತು, ಹಿಂದೆ ಸರಿದು, ಮತ್ತೆ ಓಡುತ್ತ ಸವೆಯುತ್ತದೆ. ನಿಜ, ಆದರೆ ಅದನ್ನು ಆದ್ಯತೆಯಿಂದ ಸರಿಪಡಿಸಲಾಗದು. ಒಂದೊಂದು ಸರ್ವರ್‌ಗೂ ಸಂಗ್ರಹ ಸಾಧನಕ್ಕೂ ಪ್ರತ್ಯೇಕ ಮಿತಿ ಹಾಕಬೇಕು, ಬಂದದ್ದನ್ನು ಮೊದಲು ಡಿಸ್ಕಿನಲ್ಲಿ ಕೂಡಿಹಾಕಿ ಆಮೇಲೆ ಒಂದೇ ಸಮನೆ ಟೇಪಿಗೆ ಇಳಿಸಬೇಕು. ಎರಡಕ್ಕೂ ಬ್ಯಾಕ್ಯುಲಾದಲ್ಲಿ ಅವಕಾಶವಿದೆ.

ಆದ್ಯತೆ ನಿಜವಾಗಿ ಸಲ್ಲುವ ಜಾಗವನ್ನು ಆ ತಂತ್ರಾಂಶದೊಂದಿಗೆ ಬರುವ ಮಾದರಿ ಸೆಟ್ಟಿಂಗ್ ತೋರಿಸುತ್ತದೆ. ರಾತ್ರಿ 11.05ಕ್ಕೆ ಬ್ಯಾಕಪ್; 11.10ಕ್ಕೆ ಕ್ಯಾಟಲಾಗ್‌ನ, ಅಂದರೆ ಯಾವ ಕಡತ ಎಲ್ಲಿದೆ ಎಂಬ ಲೆಕ್ಕದ, ನಕಲು. ಅಂತರ ಐದೇ ನಿಮಿಷ, ಆದರೆ ಕ್ಯಾಟಲಾಗ್‌ನ ಅಂಕಿ 11. ಹಾಗಾಗಿ ತನಗಿಂತ ಮೊದಲಿನ ಬ್ಯಾಕಪ್‌ಗಳೆಲ್ಲ ಮುಗಿಯುವವರೆಗೆ ಅದು ಕಾಯುತ್ತದೆ. ಮೊದಲೇ ಓಡಿದರೆ ಆ ರಾತ್ರಿಯ ಲೆಕ್ಕವೇ ಅದರಲ್ಲಿರುವುದಿಲ್ಲ. ಸರ್ವರ್ ಸುಟ್ಟ ದಿನ ಟೇಪ್ ಕೈಯಲ್ಲಿದ್ದೂ ಕಡತಕ್ಕಾಗಿ ತಡಕಾಡಬೇಕಾಗುತ್ತದೆ. ಬ್ಯಾಕಪ್ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಮೊದಲೇ ಹೇಳಲಾಗದ್ದರಿಂದ ಇಲ್ಲಿ ಗಡಿಯಾರ ಸಾಲದು. ಬ್ಯಾಕಪ್ ನೋಡಿಕೊಳ್ಳುವವರು ತಮ್ಮಲ್ಲಿ 10 ಅಲ್ಲದ ಪ್ರತಿ ಅಂಕಿಯ ಮುಂದೆಯೂ ಇದು ಯಾವ ಕೆಲಸ ಮುಗಿಯಲೆಂದು ಕಾಯುತ್ತಿದೆ ಎಂದು ಕೇಳಿಕೊಳ್ಳಲಿ. ಉತ್ತರ ಸಿಗದ ಅಂಕಿಯನ್ನು ಇಂದೇ 10ಕ್ಕೆ ಮರಳಿಸಲಿ.