ಹೊಸ ಕಿಡ್ನಿಯ ಸುತ್ತ ನೀರು: ಹೆದರಬೇಕೇ?

ಮನೆಯಲ್ಲೊಬ್ಬರಿಗೆ ಕಿಡ್ನಿ ಕಸಿಯಾಗಿದೆ. ಡಯಾಲಿಸಿಸ್‌ನ ಅಲೆದಾಟ ನಿಂತಿದೆ. ಅಷ್ಟರಲ್ಲಿ ಸ್ಕ್ಯಾನಿಂಗ್ ಮಾಡಿದ ವೈದ್ಯರು, “ಕಿಡ್ನಿಯ ಪಕ್ಕದಲ್ಲಿ ಸ್ವಲ್ಪ ನೀರು ಸೇರಿದೆ” ಎನ್ನುತ್ತಾರೆ. ಮನೆಮಂದಿಗೆಲ್ಲ ಗಾಬರಿ. ತಾನು ಕೊಟ್ಟ ಕಿಡ್ನಿ ವ್ಯರ್ಥವಾಯಿತೇ ಎಂದು ತಾಯಿ ಕಣ್ಣೀರಿಡುತ್ತಾಳೆ.

ಸಹೋದರಿಯರೇ, ನೀರು ಸೇರಿದೆಯೆಂದರೆ ಕಿಡ್ನಿ ಹಾಳಾಯಿತೆಂದು ಅರ್ಥವಲ್ಲ. ಹಾಗೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ.

ಕಸಿ ಮಾಡಿದ ಕಿಡ್ನಿಯನ್ನು ಸಾಮಾನ್ಯವಾಗಿ ಕೆಳಹೊಟ್ಟೆಯ ಒಂದು ಪಕ್ಕದಲ್ಲಿ, ಚರ್ಮಕ್ಕೆ ಹತ್ತಿರವಾಗಿ ಇಡುತ್ತಾರೆ. ಆದ್ದರಿಂದ ಅಲ್ಟ್ರಾಸೌಂಡ್‌ನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಈ ಪರೀಕ್ಷೆಯಲ್ಲಿ ವಿಕಿರಣವಿಲ್ಲ. ಹಾಗಾಗಿ ಮತ್ತೆ ಮತ್ತೆ ಮಾಡಿಸಲು ಅಂಜಬೇಕಾಗಿಲ್ಲ.

ಸೇರುವ ದ್ರವ ಮುಖ್ಯವಾಗಿ ನಾಲ್ಕು ಬಗೆಯದು. ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ರಕ್ತ ಸೇರಬಹುದು. ಮೂತ್ರನಾಳ ಜೋಡಿಸಿದ ಜಾಗದಲ್ಲಿ ಸೋರಿಕೆಯಾದರೆ ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಮೂತ್ರ ಸೇರುತ್ತದೆ. ಸೋಂಕು ತಗಲಿದರೆ ಕೀವು. ಕೆಲವು ವಾರ ಅಥವಾ ತಿಂಗಳುಗಳ ನಂತರ ಕಾಣುವುದು ಸಾಮಾನ್ಯವಾಗಿ ದುಗ್ಧರಸ. ಇದಕ್ಕೆ ‘ಲಿಂಫೋಸೀಲ್’ ಎನ್ನುತ್ತಾರೆ.

ನೀರು ಎಲ್ಲಿದೆ, ಎಷ್ಟಿದೆ, ಮೂತ್ರನಾಳವನ್ನು ಒತ್ತಿ ಕಿಡ್ನಿ ಊದಿಕೊಂಡಿದೆಯೇ ಎಂಬುದನ್ನು ಸ್ಕ್ಯಾನಿಂಗ್ ತೋರಿಸುತ್ತದೆ. ಡಾಪ್ಲರ್ ವಿಧಾನದಿಂದ ರಕ್ತದ ಹರಿವೂ ತಿಳಿಯುತ್ತದೆ. ಆದರೆ ದ್ರವ ಯಾವುದೆಂದು ಚಿತ್ರ ನೋಡಿಯೇ ಹೇಳುವುದು ಕಷ್ಟ. ಅಗತ್ಯವಿದ್ದರೆ ಸ್ಕ್ಯಾನಿಂಗ್ ನೋಡುತ್ತಲೇ ಸೂಜಿಯಿಂದ ಸ್ವಲ್ಪ ದ್ರವ ತೆಗೆದು ಪರೀಕ್ಷಿಸುತ್ತಾರೆ. ಅದರಲ್ಲಿನ ಕ್ರಿಯಾಟಿನಿನ್ ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚಿದ್ದರೆ ಮೂತ್ರ ಸೋರುತ್ತಿದೆಯೆಂದು ತಿಳಿಯುತ್ತದೆ. ಹೆಚ್ಚುಕಡಿಮೆ ರಕ್ತದಷ್ಟೇ ಇದ್ದರೆ ಅದು ದುಗ್ಧರಸವಿರಬಹುದು.

ತೊಂದರೆ ಕೊಡದ ಸಣ್ಣ ಶೇಖರಣೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಮತ್ತೆ ಸ್ಕ್ಯಾನಿಂಗ್ ಮಾಡಿ ಗಮನಿಸುತ್ತಾರೆ. ಒತ್ತಡವಿದ್ದರೆ ಅಥವಾ ಕೀವಿದ್ದರೆ ಸಣ್ಣ ಕೊಳವೆಯಿಟ್ಟು ಹೊರತೆಗೆಯುತ್ತಾರೆ. ದುಗ್ಧರಸವನ್ನು ಬರೇ ಸೂಜಿಯಿಂದ ತೆಗೆದರೆ ಹಲವರಲ್ಲಿ ಪುನಃ ತುಂಬಿಕೊಳ್ಳುತ್ತದೆ. ಆಗ ಲ್ಯಾಪ್ರೋಸ್ಕೋಪಿ ಮೂಲಕ ಅದು ಹೊಟ್ಟೆಯೊಳಗೆ ಹರಿದು ಹೀರಲ್ಪಡುವಂತೆ ದಾರಿ ಮಾಡುತ್ತಾರೆ.

ಮನೆಯಲ್ಲಿ ನಿಮ್ಮ ಕಣ್ಣೇ ಮೊದಲ ಪರೀಕ್ಷೆ. ಮೂತ್ರ ಕಡಿಮೆಯಾದರೆ, ಕಸಿಯಾದ ಪಕ್ಕದ ಕಾಲು ಊದಿದರೆ, ಗಾಯದ ಬಳಿ ನೋವು, ಉಬ್ಬು ಅಥವಾ ಒಸರು ಕಂಡರೆ, ತೂಕ ಏಕಾಏಕಿ ಏರಿದರೆ ಆಸ್ಪತ್ರೆಗೆ ತಿಳಿಸಿ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳಿಂದಾಗಿ ಸೋಂಕಿದ್ದರೂ ಜ್ವರ ಜೋರಾಗಿ ಬಾರದಿರಬಹುದು. ಆದ್ದರಿಂದ ಸಣ್ಣ ಜ್ವರವೆಂದು ಕಾಯಬೇಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ, ಅವುಗಳಲ್ಲಿ ಹಲವು ಕಿಡ್ನಿಗೆ ಅಪಾಯಕಾರಿ.

ಮುಖ್ಯವಾಗಿ, “ಈಗ ಆರಾಮವಿದ್ದಾರಲ್ಲ” ಎಂದು ಹೇಳಿದ ದಿನದ ಸ್ಕ್ಯಾನಿಂಗ್ ತಪ್ಪಿಸಬೇಡಿ. ಸಕಾಲದಲ್ಲಿ ಕಂಡ ನೀರನ್ನು ತೆಗೆಯಬಹುದು. ತಡವಾದರೆ ಅಮ್ಮ ಕೊಟ್ಟ ಕಿಡ್ನಿಗೇ ಪೆಟ್ಟಾದೀತು.