ತಿಂಡಿಯ ಸಂಚಾರಕ್ಕೆ ಬಿಯರಿನ ಸಂಗಡವೇಕೆ?

ಪಟ್ಟಣದ ಒಂದು ಕೇರಿಯನ್ನು ಆಯ್ದುಕೊಂಡು, ಪ್ರವಾಸಿಗಳನ್ನು ಅಂಗಡಿಯಿಂದ ಅಂಗಡಿಗೆ ಕಾಲ್ನಡಿಗೆಯಲ್ಲಿ ಕರೆದೊಯ್ದು, ಸ್ಥಳದ ತಿಂಡಿತಿನಿಸುಗಳ ರುಚಿಯನ್ನು ತೋರಿಸಿ, ನಡುನಡುವೆ ಬಿಯರಿನ ಬಟ್ಟಲನ್ನೂ ಒದಗಿಸುವ ಪದ್ಧತಿಯು ಯುರೋಪದ ಅನೇಕ ನಗರಗಳಲ್ಲಿ ರೂಢವಾಗಿದೆ. ನಮ್ಮ ಬೆಂಗಳೂರಿನಲ್ಲಿಯೂ ತಿಂಡಿಯ ನಡಿಗೆಗಳು ನಡೆಯುತ್ತಿರುವುದೂ, ಬಿಯರನ್ನು ತಾವೇ ಕಾಸಿ ಮಾರುವ ಪಾನಗೃಹಗಳು ಬೆಳೆದಿರುವುದೂ ವಾಚಕರಿಗೆ ತಿಳಿದೇ ಇದೆ. ಇಂಥ ಸಂಚಾರವು ನಾಳೆ ಕಲಬುರಗಿಗೂ ಬಂದೀತು. ಬಂದರೆ ಅದು ಹೇಗೆ ಬರಬೇಕು, ಅದರ ಲಾಭವು ಯಾರ ಕೈ ಸೇರಬೇಕು ಎಂಬುದನ್ನು ಈಗಲೇ ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಅತಿಥಿಗೆ ಅನ್ನವಿಡುವ ವಿಷಯದಲ್ಲಿ ಕಲಬುರಗಿಗೆ ಯಾರೂ ಪಾಠ ಹೇಳಬೇಕಾದುದಿಲ್ಲ. ಶರಣಬಸವೇಶ್ವರರ ದಾಸೋಹದ ಊರು ಇದು. ಆದರೆ ಈ ಊರಿನ ಅನ್ನವು ಎಲ್ಲಿಂದ ಬರುತ್ತದೆಂಬುದನ್ನು ಪರಸ್ಥಳದವರು ತಿಳಿಯಬೇಕಾದರೆ ಅವರನ್ನು ಮೊದಲು ಹುಮನಾಬಾದ ರಸ್ತೆಯ ಕಪನೂರಕ್ಕೆ ಕರೆದೊಯ್ಯಬೇಕು. ಕೈಗಾರಿಕಾ ಪ್ರದೇಶವೆಂದು ಹೆಸರಾದ ಈ ಸ್ಥಳದಲ್ಲಿ ಬೇಳೆಯ ಗಿರಣಿಗಳಿವೆ. ತೊಗರಿಗೆ ಎಣ್ಣೆ ಹಚ್ಚಿ, ನೀರು ಚಿಮುಕಿಸಿ, ಒಣಗಿಸಿ, ಸಿಪ್ಪೆ ಕಳೆದು ಇಬ್ಭಾಗ ಮಾಡುವ ಕೆಲಸವು ಕಣ್ಣಿಗೆ ಸುಲಭವಾಗಿ ಕಂಡರೂ ಧೂಳಿನಲ್ಲಿ ನಿಂತು ದುಡಿಯುವವರಿಗೆ ಸುಲಭವಲ್ಲ. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದ ಕಲಬುರಗಿಯ ತೊಗರಿಬೇಳೆಯ ಕೀರ್ತಿಯಲ್ಲಿ ಬೆಳೆದ ರೈತನಂತೆ ಈ ಕೂಲಿಕಾರರ ಪಾಲೂ ಇದೆ. ಅದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ಕಮಲಾಪುರವು ತನ್ನ ಕೆಂಪು ಬಾಳೆಯಿಂದ ಅಂಥದೇ ಮಾನ್ಯತೆಯನ್ನು ಗಳಿಸಿದೆ.

ಇನ್ನು ತಿಂಡಿಗಳ ಮಾತು. ಕಾದ ಎಣ್ಣೆಯಿಂದ ಆಗತಾನೆ ತೆಗೆದ ಮಿರ್ಚಿ ಭಜಿ, ಒಗ್ಗರಣೆ ಕೊಟ್ಟ ಚುರುಮುರಿ ಸುಸಲಾ, ಊರಿನ ಹೆಮ್ಮೆಯಾದ ಮಾಲ್ಪುರಿ, ಶೇಂಗಾ ಹೋಳಿಗೆ, ಇವೆಲ್ಲಕ್ಕೂ ಮಿಗಿಲಾಗಿ ಜೋಳದ ರೊಟ್ಟಿ, ಪುಂಡಿಪಲ್ಯ ಮತ್ತು ಶೇಂಗಾ ಹಿಂಡಿ: ಈ ಪಂಕ್ತಿಯು ಯಾವ ದೇಶದ ಅತಿಥಿಗೂ ಸಾಲದೆನ್ನುವಂತಿಲ್ಲ. ಸ್ತ್ರೀಯರ ಸ್ವಸಹಾಯ ಸಂಘಗಳು ಬಡಿದ ರೊಟ್ಟಿಯು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಿಂದ ಪರಸ್ಥಳಗಳಿಗೂ ಹೋಗುತ್ತಿದ್ದು, 2025ರ ಜೂನಿನಲ್ಲಿ ಪ್ರಧಾನ ಮಂತ್ರಿಗಳ ಬಾನುಲಿ ಭಾಷಣದಲ್ಲಿಯೂ ಪ್ರಸ್ತಾಪಕ್ಕೆ ಬಂದಿತು. ತಮ್ಮ ಮನೆಯ ಒಲೆಯ ಮುಂದೆ ಯಾರ ಗಮನಕ್ಕೂ ಬಾರದೆ ದುಡಿದ ಕೈಗಳಿಗೆ ಈ ಮನ್ನಣೆಯು ತಡವಾಗಿಯಾದರೂ ದೊರೆತುದು ಸಂತೋಷದ ವಿಷಯ.

ಇಂಥ ಪಂಕ್ತಿಯ ನಡುವೆ ಬಿಯರಿಗೆ ಸ್ಥಾನವೇನು? ಅದು ಸೌಮ್ಯವಾದ ಪಾನವೆಂದೂ, ಅದಿಲ್ಲದಿದ್ದರೆ ಪ್ರವಾಸಿಯು ಬರಲಾರನೆಂದೂ ಕೆಲವರು ವಾದಿಸಬಹುದು. ಕಾಯಿದೆಗೆ ಒಳಪಟ್ಟು ಕುಡಿಯುವವನ ಕೈಯ ಬಟ್ಟಲನ್ನು ಕಿತ್ತುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಆಕ್ಷೇಪಣೆಯು ಬೇರೆಯದು. ಒಂದು ಶೀಷೆ ಬಿಯರಿನ ಬೆಲೆಗೆ ಹಲವು ತಟ್ಟೆ ಭಜಿ ಬರುತ್ತದೆ. ಸಂಚಾರದಲ್ಲಿ ಬಿಯರು ಸೇರಿದೊಡನೆ ಅತಿಥಿಯ ಹಣದ ದೊಡ್ಡ ಪಾಲು ಲೈಸೆನ್ಸುದಾರನ ಪೆಟ್ಟಿಗೆಗೂ ಸರಕಾರದ ಅಬಕಾರಿ ಬೊಕ್ಕಸಕ್ಕೂ ಹೋಗುವುದು. ತಳ್ಳುಗಾಡಿಯವನಿಗೆ ಚಿಲ್ಲರೆ ಉಳಿಯುವುದು. ನಡಿಗೆಯ ದಾರಿಯನ್ನು ರೊಟ್ಟಿ ಬಡಿಯುವ ತಾಯಿಯ ಒಲೆಯಲ್ಲ, ಪಾನಗೃಹದ ಬಾಗಿಲೇ ನಿಶ್ಚಯಿಸುವುದು. ಮನೆಮಂದಿಯೊಡನೆ ಬರಬೇಕೆಂದವರು ಹಿಂಜರಿಯುವರು. ಸಂಜೆಗೆ ಕೂಲಿಯ ಹಣವನ್ನು ಹಿಡಿದು ಮನೆಗೆ ಹೊರಟ ಗಿರಣಿಯ ಕೆಲಸಗಾರನ ಕಣ್ಣಿಗೆ ಮದ್ಯವು ಊರಿನ ಸಂಸ್ಕೃತಿಯೆಂಬ ಹೊಸ ಗೌರವವನ್ನು ಧರಿಸಿ ನಿಲ್ಲುವುದು.

ಮದ್ಯದ ಪ್ರಶ್ನೆಯು ನಮ್ಮ ನಾಡಿಗೆ ಹೊಸದಲ್ಲ. ಕಲಬುರಗಿಯು ನಿಜಾಮರ ಆಳಿಕೆಯಲ್ಲಿದ್ದ ಕಾಲದಲ್ಲಿಯೇ, ಮೈಸೂರು ಸಂಸ್ಥಾನದ ತುರುವನೂರಿನಲ್ಲಿ 1939ರಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದು ಸೆರೆಮನೆಯನ್ನು ಸೇರಿದರು. ಸ್ವತಂತ್ರ ಭಾರತದ ಸಂವಿಧಾನವು ತನ್ನ 47ನೆಯ ಅನುಚ್ಛೇದದಲ್ಲಿ ಪಾನನಿಷೇಧಕ್ಕಾಗಿ ಯತ್ನಿಸುವುದು ಸರಕಾರದ ಕರ್ತವ್ಯವೆಂದು ಸಾರಿದೆ. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಂತಿತು. ಬಡವನ ಸಾರಾಯಿಯನ್ನು ನಿಲ್ಲಿಸಿ, ಉಳ್ಳವನ ಬಿಯರನ್ನು ಊರಿನ ಅಲಂಕಾರವನ್ನಾಗಿ ಮೆರೆಸುವುದು ಯಾವ ನ್ಯಾಯ? ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಇಲ್ಲಿಯ ಬಿಸಿಲಿನಲ್ಲಿ ನಡೆದು ಬಂದವನಿಗೆ ಮಜ್ಜಿಗೆಯೂ ಅಂಬಲಿಯೂ ತಂಪು ನೀಡುವಷ್ಟು ಬಿಯರು ನೀಡಲಾರದು.

ಆದುದರಿಂದ ಸಂಚಾರವು ಬರಲಿ, ಬಿಯರನ್ನು ಹೊರಗೆ ಬಿಟ್ಟು ಬರಲಿ. ತಿಂಡಿಯ ಬೆಲೆಯನ್ನು ಮಾರುವವರೇ ಗೊತ್ತುಮಾಡಲಿ. ಹಣವು ಮಧ್ಯಸ್ಥರ ಕೈಯಲ್ಲಿ ನಿಲ್ಲದೆ ಅಲ್ಲಿಯೇ ಸಲ್ಲಲಿ. ಬೀದಿಬದಿಯ ವ್ಯಾಪಾರಿಗಳ ರಕ್ಷಣೆಗಾಗಿ 2014ರಲ್ಲಿ ಆದ ಕಾಯಿದೆಯು ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ವ್ಯಾಪಾರಿಗಳಿಗೂ, ಅವುಗಳಲ್ಲಿ ಮೂರನೆಯ ಒಂದು ಪಾಲನ್ನು ಸ್ತ್ರೀಯರಿಗೂ ವಿಧಿಸಿದೆ. ನಡಿಗೆಯ ದಾರಿಯನ್ನು ಈ ಸಮಿತಿಯ ಮುಂದಿಟ್ಟು ನಿಶ್ಚಯಿಸುವುದು ಉಚಿತ. ಪ್ರವಾಸಿಗಳಿಗಾಗಿ ಬೀದಿಯನ್ನು ಚೊಕ್ಕಟಗೊಳಿಸುವ ನೆವದಿಂದ, ಅವರು ನೋಡಬಂದ ತಳ್ಳುಗಾಡಿಯನ್ನೇ ಎತ್ತಿಸುವ ವಿಪರೀತಕ್ಕೆ ಎಡೆಯಾಗಬಾರದು. ಶುದ್ಧವಾದ ನೀರು, ದೀಪ, ಕಸದ ತೊಟ್ಟಿ ಇವಿಷ್ಟನ್ನು ಮಹಾನಗರಪಾಲಿಕೆಯು ಒದಗಿಸಿದರೆ ಉಳಿದುದನ್ನು ಆ ಬಡ ವ್ಯಾಪಾರಿಯೇ ನೋಡಿಕೊಂಡಾನು.

ಊರನ್ನು ನೋಡಬಂದವನು ಮರಳಿ ಹೋಗುವಾಗ ಏನನ್ನು ನೆನಪಿಟ್ಟುಕೊಂಡು ಹೋಗುವನೆಂಬುದರ ಮೇಲೆ ಊರಿನ ಮಾನವು ನಿಂತಿದೆ. ಬಿಯರು ಅವನಿಗೆ ತನ್ನೂರಿನಲ್ಲಿಯೇ ದೊರೆಯುವುದು. ಕಪನೂರದ ಗಿರಣಿಯಲ್ಲಿ ಒಡೆದ ಬೇಳೆಯೂ, ಎದುರಿಗೇ ಬಡಿದು ಬಿಸಿಯಾಗಿ ಕೊಟ್ಟ ರೊಟ್ಟಿಯೂ, ಕೊಟ್ಟವಳ ಆದರವೂ ಇಲ್ಲಿಗೆ ಬಂದಲ್ಲದೆ ದೊರೆಯವು. ನಮ್ಮಲ್ಲಿಲ್ಲದ ವೈಭವವನ್ನು ಕಡ ತಂದು ತೋರಿಸುವುದಕ್ಕಿಂತ ನಮ್ಮಲ್ಲಿರುವುದನ್ನು ಮಾನವಾಗಿ ಬಡಿಸುವುದೇ ಲೇಸು.