ಹುತ್ತಕ್ಕೆ ಹಾಲು, ಬಾಗಿಲಿಗೆ ಔಷಧಿ
ಶಿವಮೊಗ್ಗದ ಹಳೆಯ ಹೆಂಚಿನ ಮನೆಗಳಲ್ಲಿಯೂ, ಭದ್ರಾವತಿಯ ವಸತಿಗೃಹಗಳಲ್ಲಿಯೂ ಗೆದ್ದಲು, ಅಂದರೆ ಮರದ ನಾರಿನಂಶವನ್ನು ತಿಂದು ಗುಂಪಾಗಿ ಬದುಕುವ ಒರಲೆ, ಒಣಗಾಳಿಯಿಂದ ಮೈ ಕಾಪಾಡಿಕೊಳ್ಳಲು ಮಣ್ಣಿಗೆ ಎಂಜಲು ಬೆರೆಸಿ ಬಾಗಿಲುವಾಡದ ಉದ್ದಕ್ಕೂ ಕಿರಿದಾದ ಸುರಂಗ ಕಟ್ಟುತ್ತದೆ. ಇದೇ ಕುಲದ ಹುಳು ಬಯಲಿನಲ್ಲಿ ಎಬ್ಬಿಸಿದ ಹುತ್ತಕ್ಕೆ ನಾಗರಪಂಚಮಿಯಂದು ಹಾಲೆರೆಯುವವರೇ ಮನೆಯೊಳಗಿನದಕ್ಕೆ ಔಷಧಿ ಹೊಡೆಸುತ್ತಾರೆ. ಆ ಪೂಜೆಯಾದರೂ ಹುತ್ತ ಕಟ್ಟಿದ ಗೆದ್ದಲಿಗಲ್ಲ, ಆಮೇಲೆ ಬಂದು ಸೇರಿಕೊಂಡ ಹಾವಿಗೆ ಸಲ್ಲುತ್ತದೆ. ಕಾಡಿನಲ್ಲಿ ಬಿದ್ದ ಮರವನ್ನು ಮತ್ತೆ ಮಣ್ಣಾಗಿಸುವ ಈ ಜೀವಿ ಮನೆಗಿಂತ ಮೊದಲೇ ಆ ನೆಲದಲ್ಲಿದ್ದುದರಿಂದ, ಅದನ್ನು ನುಗ್ಗಿಬಂದದ್ದು ಎನ್ನುವುದಕ್ಕಿಂತ ಹಳೆಯ ಒಕ್ಕಲು ಎನ್ನುವುದೇ ನ್ಯಾಯ. ಆದರೆ ಒಕ್ಕಲಿನ ಹಕ್ಕನ್ನು ಒಪ್ಪಿದ ಮಾತ್ರಕ್ಕೆ ತೊಲೆಯನ್ನು ಅದರ ಬಾಯಿಗೆ ಬಿಟ್ಟುಕೊಡಬೇಕೆಂದೇನೂ ಇಲ್ಲ.